ಭರ್ತಿಗೆ ಓಡುವವರ ಕಣಕಾಲು ನೋವು



ನಸುಕಿನ ಐದು ಗಂಟೆಗೆ ನಮ್ಮ ಅಕ್ಕಲಕೋಟ ಸೀಮೆಯ ಯಾವ ಡಾಂಬರು ರಸ್ತೆಗೆ ಹೋಗಿ ನಿಂತರೂ ಓಡುವ ಹುಡುಗರು ಕಾಣುತ್ತಾರೆ. ಮಹಾರಾಷ್ಟ್ರ ಪೊಲೀಸ್ ಭರ್ತಿಗೆ ಗಂಡುಮಕ್ಕಳು 1600 ಮೀಟರ್, ಹೆಣ್ಣುಮಕ್ಕಳು 800 ಮೀಟರ್ ಓಡಬೇಕು. ಸೈನ್ಯದ ಭರ್ತಿಯಲ್ಲಿಯೂ 1600 ಮೀಟರಿನ ಓಟವೇ. ಜಾಹೀರಾತು ಬಂದದ್ದೇ ತಡ, ಅಲ್ಲಿಯವರೆಗೆ ಕಟ್ಟೆ ಬಿಟ್ಟು ಏಳದಿದ್ದ ಹುಡುಗನೂ ಮರುದಿನ ಬೂಟು ಕಟ್ಟುತ್ತಾನೆ. ಮೂರು ನಾಲ್ಕು ವಾರ ಕಳೆದ ಮೇಲೆ ಬಂದು, "ಕಾಕಾ, ನಡಗಿ ಭಾಳ ನೋಯಾಕತ್ತೇತಿ" ಎನ್ನುತ್ತಾನೆ. ಮರಾಠಿಯಲ್ಲಿ ನಡಗಿ ಎನ್ನುವುದನ್ನೇ ಕನ್ನಡದಲ್ಲಿ ಕಣಕಾಲು ಎನ್ನುತ್ತೇವೆ. ಮೊಣಕಾಲಿನ ಕೆಳಗೆ, ಮುಂದುಗಡೆ ಕೈಗೆ ಹತ್ತುವ ಉದ್ದನೆಯ ಎಲುಬು ಅದು.

ಈ ನೋವು ಮುಖ್ಯವಾಗಿ ಎರಡು ತರಹದ್ದು. ಒಂದಕ್ಕೆ ಡಾಕ್ಟರರು ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ. ಎಲುಬು ಮತ್ತು ಅದರ ಮೇಲಿನ ಪದರು ದಣಿದು ನೋಯುತ್ತವೆ. ಇನ್ನೊಂದು ಸ್ಟ್ರೆಸ್ ಫ್ರ್ಯಾಕ್ಚರ್. ಇದರಲ್ಲಿ ಎಲುಬಿಗೇ ಕೂದಲೆಳೆಯಷ್ಟು ಸಣ್ಣ ಬಿರುಕು ಬಿದ್ದಿರುತ್ತದೆ. ಮೊದಲನೆಯದನ್ನು ಅಲಕ್ಷ್ಯ ಮಾಡುತ್ತ ಓಡಿದರೆ ಎರಡನೆಯದರ ಹಾದಿ ಹಿಡಿಯುವುದೂ ಉಂಟು. ನಾನು ಡಾಕ್ಟರನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಆದರೆ ಇವೆರಡರ ಅಂತರ ತಿಳಿಯದೆ ಒಬ್ಬ ಹುಡುಗ ಏನು ಕಳೆದುಕೊಂಡ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲು ಎಲುಬಿನ ಲೆಕ್ಕ ನೋಡೋಣ. ಎಲುಬು ಕಲ್ಲಿನ ಕಂಬವಲ್ಲ, ಜೀವಂತ ವಸ್ತು. ಓಡುವಾಗ ಪ್ರತಿ ಹೆಜ್ಜೆಗೆ ನಮ್ಮ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಹೊಸ ಭಾರ ಬಿದ್ದಾಗ ದೇಹ ಎಲುಬಿನ ಹಳೆಯ ಭಾಗವನ್ನು ಮೊದಲು ಕೆತ್ತಿ ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಖಾತೆಯಿಂದ ರೊಕ್ಕ ತೆಗೆಯುವುದು ವಾರಗಳಲ್ಲಿ ಮುಗಿಯುತ್ತದೆ, ತುಂಬುವುದಕ್ಕೆ ತಿಂಗಳುಗಳು ಬೇಕು. ಆ ನಡುವೆ ಶಿಲ್ಕು ಕಡಿಮೆ. ಆಗಲೇ ಓಟವನ್ನು ಒಂದಕ್ಕೆರಡು ಮಾಡಿದರೆ ಎಲುಬು ತಾಳುವುದಿಲ್ಲ. ಓಟ ಸುರುವಾದ ಮೊದಲ ವಾರದಲ್ಲಿ ಅಲ್ಲ, ಮೂರು ನಾಲ್ಕನೆಯ ವಾರದಲ್ಲಿ ಹುಡುಗರು ಕಾಲು ಹಿಡಿದುಕೊಂಡು ಕೂಡ್ರುವುದು ಇದಕ್ಕೇ.

ಇದು ಇಂದು ನಿನ್ನೆಯ ಕಾಯಿಲೆಯೂ ಅಲ್ಲ. 1855ರಲ್ಲಿ ಬ್ರೈತ್‌ಹಾಪ್ಟ್ ಎಂಬ ಪ್ರಶ್ಯದ ಸೈನ್ಯದ ವೈದ್ಯ, ಕವಾಯತು ಮಾಡಿ ಮಾಡಿ ಪಾದ ಬಾತ ಸಿಪಾಯಿಗಳ ಬಗ್ಗೆ ಬರೆದಿಟ್ಟಿದ್ದ. ಕಾರಣ ಅವನಿಗೆ ಹೊಳೆದಿರಲಿಲ್ಲ. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ಮೇಲೆ, 1897ರಲ್ಲಿ, ಅದು ಪಾದದ ಎಲುಬಿನ ಬಿರುಕು ಎಂದು ಕಣ್ಣಿಗೆ ಕಂಡಿತು. ಕ್ರಿಕೆಟ್ ಕೇಳುವವರಿಗೆ ನೆನಪಿರಬಹುದು, 2019ರಲ್ಲಿ ಜಸ್‌ಪ್ರೀತ್ ಬೂಮ್ರಾ ಆಟದಿಂದ ಹೊರಗೆ ಕುಳಿತದ್ದು ಬೆನ್ನೆಲುಬಿಗೆ ಬಿದ್ದ ಇಂಥದೇ ಬಿರುಕಿನಿಂದ.

ಈಗ ಅಂತರ ಹೇಳುತ್ತೇನೆ, ಲಕ್ಷ್ಯಗೊಟ್ಟು ಕೇಳಿರಿ. ಕಾಲು ಚಾಚಿ ಕುಳಿತು, ಕಣಕಾಲಿನ ಒಳಮಗ್ಗುಲ ಅಂಚನ್ನು ಕೆಳಗಿನಿಂದ ಮೇಲಕ್ಕೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಬನ್ನಿರಿ. ನಾಲ್ಕು ಬೆರಳಿನಗಲವೋ ಗೇಣುದ್ದವೋ ಅಂಚಿನುದ್ದಕ್ಕೂ ನೋವು ಹರಡಿದ್ದರೆ ಅದು ಬಹುತೇಕ ಶಿನ್ ಸ್ಪ್ಲಿಂಟ್ಸ್. ಹಾಗಲ್ಲದೆ ಒಂದೇ ಕಡೆ, ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಮುಟ್ಟಿದರೆ "ಅಯ್ಯೋ" ಎನ್ನುವಂತಿದ್ದರೆ ಬಿರುಕಿನ ಸಂಶಯ ಪಡಬೇಕು. ಆ ಜಾಗ ತುಸು ಬಾತಿದ್ದರಂತೂ ಸಂಶಯ ಗಟ್ಟಿ.

ಎರಡನೆಯದು, ನೋವಿನ ನಡತೆ. ಶಿನ್ ಸ್ಪ್ಲಿಂಟ್ಸ್ ನೋವು ಓಟದ ಆರಂಭಕ್ಕೆ ಕಾಡಿ, ಮೈ ಬಿಸಿಯಾದಂತೆ ಇಳಿದು, ಓಟ ಮುಗಿದ ಮೇಲೆ ಮತ್ತೆ ಬರುತ್ತದೆ. ಬಿರುಕಿನ ನೋವಿಗೆ ಈ ದಾಕ್ಷಿಣ್ಯವಿಲ್ಲ. ಓಡಿದಷ್ಟೂ ಏರುತ್ತದೆ. ಮುಂದೆ ಮುಂದೆ ನಡೆಯುವಾಗಲೂ, ಕಡೆಗೆ ರಾತ್ರಿ ಹಾಸಿಗೆಯಲ್ಲಿ ಮಲಗಿದಾಗಲೂ ಬಿಡುವುದಿಲ್ಲ. ಆ ಕಾಲೊಂದರ ಮೇಲೆ ಕುಪ್ಪಳಿಸಲು ಹೋದರೆ ಆಗುವುದಿಲ್ಲ. ಪರೀಕ್ಷೆಯೆಂದು ಹತ್ತು ಸಲ ಕುಪ್ಪಳಿಸಬೇಡಿರಿ, ಒಂದು ಸಲಕ್ಕೇ ತಿಳಿಯುತ್ತದೆ. ನೋವು ಒಳಮಗ್ಗುಲಿಗಿಲ್ಲದೆ ನಟ್ಟನಡುವೆ, ಎಲುಬಿನ ಮುಂಗತ್ತಿಯ ಮೇಲೆಯೇ ಒಂದು ಕಡೆ ಇದ್ದರೆ ಒಂದು ದಿನವೂ ತಡಮಾಡದೆ ಎಲುಬಿನ ಡಾಕ್ಟರರ ಹತ್ತಿರ ಹೋಗಬೇಕು. ಅಲ್ಲಿಯ ಬಿರುಕು ಕೂಡುವುದು ನಿಧಾನ, ಪೂರ್ತಿ ಮುರಿಯುವ ಭಯವೂ ಇದೆ. ಓಡುವಾಗ ಮೀನಖಂಡ ಬಿಗಿದು ಪಾದ ಜೋಮು ಹಿಡಿದು, ನಿಂತ ಸ್ವಲ್ಪ ಹೊತ್ತಿಗೆ ಸರಿಹೋಗುವುದು ಬೇರೆಯೇ ತೊಂದರೆ. ಅದನ್ನೂ ಡಾಕ್ಟರರೇ ನೋಡಬೇಕು.

ಇನ್ನು ಆ ಹುಡುಗನ ಮಾತು. ನಮ್ಮ ಓಣಿಯವನೇ. ನೋವು ಸುರುವಾದ ಆರನೆಯ ದಿನಕ್ಕೆ ಎಕ್ಸ್‌ರೇ ತೆಗೆಸಿದರು, ಚೊಕ್ಕ ಬಂತು. ಮನೆಯವರು ಅದನ್ನೇ ಪರವಾನಗಿ ಎಂದುಕೊಂಡರು. ಬಿರುಕು ಹೊಸದಿದ್ದಾಗ, ಮೊದಲ ಎರಡು ಮೂರು ವಾರ, ಎಕ್ಸ್‌ರೇಯಲ್ಲಿ ಅನೇಕ ಸಲ ಕಾಣುವುದೇ ಇಲ್ಲ. ಎಲುಬು ಕೂಡಿಕೊಳ್ಳತೊಡಗಿದ ಮೇಲೆ ಗುರುತು ಮೂಡುತ್ತದೆ. ಬೇಗ ತಿಳಿಯಬೇಕಾದರೆ ಎಂ.ಆರ್.ಐ. ಬೇಕು. ಅದು ಖರ್ಚಿನ ಬಾಬತ್ತು. ಆಗದವರು ಓಟ ನಿಲ್ಲಿಸಿ, ಡಾಕ್ಟರರನ್ನು ಕೇಳಿ ಎರಡು ಮೂರು ವಾರಕ್ಕೆ ಇನ್ನೊಮ್ಮೆ ಎಕ್ಸ್‌ರೇ ತೆಗೆಸಬಹುದು. ನಮ್ಮ ಹುಡುಗ ಹಾಗೆ ಮಾಡಲಿಲ್ಲ. ನೋವಿನ ಗುಳಿಗೆ ನುಂಗಿ ಓಡಿದ, ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸಿಕೊಂಡ, ಭರ್ತಿಯ ದಿನ ಇಂಜೆಕ್ಷನ್ ಮಾಡಿಸಿಕೊಂಡು ಹೋದ. ಮೂರನೆಯ ಸುತ್ತಿನಲ್ಲಿ ಮೈದಾನದಲ್ಲೇ ಕುಸಿದ. ಗುಳಿಗೆ ನೋವನ್ನು ಮುಚ್ಚಿತ್ತು, ಬಿರುಕನ್ನಲ್ಲ.

ಶಿನ್ ಸ್ಪ್ಲಿಂಟ್ಸ್ ಆದರೆ ಓಟ ತಗ್ಗಿಸಿ, ಅರಿವೆಯಲ್ಲಿ ಬರ್ಫ ಸುತ್ತಿ ಹದಿನೈದು ನಿಮಿಷ ಇಟ್ಟು, ಡಾಂಬರು ಬಿಟ್ಟು ಮಣ್ಣಿನ ಹಾದಿ ಹಿಡಿದು, ಸವೆದ ಬೂಟು ಬದಲಿಸಿದರೆ ಕೆಲವು ವಾರಗಳಲ್ಲಿ ಹಾದಿಗೆ ಬರುತ್ತದೆ. ಬಿರುಕಾದರೆ ಓಟ ಪೂರ್ತಿ ಬಂದ್. ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು. ದಮ್ಮು ಕಳೆದುಕೊಳ್ಳಬಾರದೆಂದರೆ, ನೋವಾಗದಿದ್ದರೆ, ಡಾಕ್ಟರರ ಒಪ್ಪಿಗೆ ಪಡೆದು ಸೈಕಲ್ ತುಳಿಯಬಹುದು, ಬಾವಿಯಲ್ಲಿ ಈಜಬಹುದು.

ತಾಯಂದಿರಿಗೆ ಒಂದು ಮಾತು. ಓಡುವ ಮಗಳು ಊಟ ಕಡಿಮೆ ಮಾಡಿ ಸೊರಗಿದ್ದರೆ, ಮುಟ್ಟು ಎರಡು ಮೂರು ತಿಂಗಳು ನಿಂತಿದ್ದರೆ, ಅವಳ ಎಲುಬೂ ಸಣ್ಣಗೆ ಸವೆಯುತ್ತಿರಬಹುದು. ಕಣಕಾಲು ನೋವೆಂದು ಡಾಕ್ಟರರ ಹತ್ತಿರ ಹೋದಾಗ ಸಂಕೋಚಪಡದೆ ಇದನ್ನೂ ಹೇಳಿರಿ. ಎಷ್ಟು ವಾರದಿಂದ ಓಡುತ್ತಿದ್ದಾಳೆ, ಯಾವಾಗ ಓಟ ಹೆಚ್ಚಿಸಿದಳು, ರಾತ್ರಿ ನೋವಿದೆಯೇ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರರ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ.