ಜೇನಿಗೆ ಮಳೆಯ ಸುಳಿವು, ಭೂಕಂಪದ್ದೂ ಉಂಟೆ?

ಇರುವೆಗಳು ಮೊಟ್ಟೆ ಹೊತ್ತು ಸಾಲುಗಟ್ಟಿ ಎತ್ತರದ ಜಾಗಕ್ಕೆ ಹೊರಟರೆ ಮಳೆ ಹತ್ತಿರವಾಯಿತು ಎಂದು ನಮ್ಮ ರೈತರು ಹೇಳುವುದುಂಟು. ಭೂಕಂಪಕ್ಕೆ ಮುನ್ನ ನಾಯಿಗಳು ಊಳಿಡುತ್ತವೆ, ಹಾವುಗಳು ಬಿಲ ಬಿಟ್ಟು ಹೊರಬರುತ್ತವೆ ಎಂಬ ಮಾತು ಜಗತ್ತಿನ ಅನೇಕ ಕಡೆ ಇದೆ. ಈ ಎರಡು ನಂಬಿಕೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಾಡಿಕೆ. ಆದರೆ ಎರಡರ ತೂಕ ಒಂದೇ ಅಲ್ಲ.

ಮಳೆಗೆ ಮುನ್ನ ಗಾಳಿಯ ತೇವಾಂಶ ಏರುತ್ತದೆ, ವಾಯುಭಾರ ಇಳಿಯುತ್ತದೆ. ಇಂಥ ಬದಲಾವಣೆಯನ್ನು ಗ್ರಹಿಸಬಲ್ಲ ಜೀವಿಗೆ ಮಳೆಯ ಸುಳಿವು ಸಿಕ್ಕರೆ ಅದರಲ್ಲಿ ಪವಾಡವೇನಿಲ್ಲ. ಚೀನಾದ ವಿಜ್ಞಾನಿಗಳು ಜೇನುಹುಳುಗಳ ಬೆನ್ನಿಗೆ ಪುಟ್ಟ ರೇಡಿಯೊ ಬಿಲ್ಲೆ ಅಂಟಿಸಿ, ಅವು ಗೂಡಿನಿಂದ ಹೋಗಿಬರುವ ಹೊತ್ತನ್ನು ದಾಖಲಿಸಿದರು. ಮರುದಿನ ಮಳೆ ಬರಲಿದ್ದಾಗ ಹುಳುಗಳು ಹಿಂದಿನ ದಿನ ಹೆಚ್ಚು ಹೊತ್ತು ದುಡಿಯುತ್ತಿದ್ದುದು ಕಂಡುಬಂತು. ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ಹಾಗಾದರೆ ಜೇನು ಮುಂದಾಗುವುದನ್ನೆಲ್ಲ ತಿಳಿಯಬಲ್ಲದೇ? ಇದಕ್ಕೆ ಗ್ರಹಣವೇ ಒಳ್ಳೆಯ ಪರೀಕ್ಷೆ. ಪಂಚಾಂಗದವರು ಗ್ರಹಣದ ಗಳಿಗೆಯನ್ನು ಎಷ್ಟೋ ಮೊದಲೇ ಗುಣಿಸಿ ಹೇಳುತ್ತಾರೆ. ಜೇನಿಗೆ ಆ ಲೆಕ್ಕ ಗೊತ್ತಿಲ್ಲ. 2017ರ ಆಗಸ್ಟ್ 21ರಂದು ಅಮೆರಿಕದಲ್ಲಿ ಖಗ್ರಾಸ ಸೂರ್ಯಗ್ರಹಣವಾದಾಗ ಸಂಶೋಧಕರು ಹೂಗಳ ಬಳಿ ಧ್ವನಿಗ್ರಾಹಕಗಳನ್ನು ಇಟ್ಟಿದ್ದರು. ಬೆಳಕು ಕುಗ್ಗುತ್ತಿದ್ದರೂ ದುಂಬಿ, ಜೇನುಗಳ ಝೇಂಕಾರ ಕೇಳುತ್ತಲೇ ಇತ್ತು. ಸೂರ್ಯ ಪೂರ್ತಿ ಮರೆಯಾದಾಗ ಮಾತ್ರ ಅದು ಬಹುಮಟ್ಟಿಗೆ ನಿಂತುಹೋಯಿತು. ಅಂದರೆ ಅವು ಕತ್ತಲೆಗೆ ಓಗೊಟ್ಟವೇ ಹೊರತು ಕತ್ತಲೆ ಬರುವುದನ್ನು ಮೊದಲೇ ಅರಿತಿರಲಿಲ್ಲ.

ಇದೇ ಒರೆಗಲ್ಲಿಗೆ ಭೂಕಂಪವನ್ನೂ ಹಚ್ಚಬಹುದು. ನೆಲ ಬಿರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಸಾಗುವ ನಸುವಾದ ಅಲೆ. ಮನೆಗಳನ್ನು ಕೆಡಹುವ ಎರಡನೆಯ ಅಲೆಯ ವೇಗ ಸುಮಾರು 3.5 ಕಿ.ಮೀ. ಕೇಂದ್ರದಿಂದ 100 ಕಿ.ಮೀ. ದೂರದ ಊರಿಗೆ ಇವುಗಳ ನಡುವೆ 12 ಸೆಕೆಂಡುಗಳಷ್ಟು ಅಂತರ ಬೀಳುತ್ತದೆ. ಮನುಷ್ಯರಿಗೆ ಅನೇಕ ವೇಳೆ ಗೊತ್ತೇ ಆಗದ ಮೊದಲ ಅಲೆ ನಾಯಿ, ದನಗಳಿಗೆ ತಟ್ಟಬಹುದು. ಆಗ ಅವು ಬೆದರಿದರೆ, ಆ ವೇಳೆಗೆ ಭೂಕಂಪ ಆಗಿಹೋಗಿರುತ್ತದೆ.

ದಿನಗಟ್ಟಲೆ ಮೊದಲೇ ತಿಳಿಯುತ್ತದೆ ಎಂಬ ಕಥೆಗಳ ಪಾಡು ಬೇರೆ. ಕ್ರಿ.ಪೂ. 373ರಲ್ಲಿ ಗ್ರೀಸಿನ ಹೆಲಿಕೆ ಪಟ್ಟಣ ನಾಶವಾಗುವ ಐದು ದಿನ ಮುಂಚೆ ಇಲಿ, ಹಾವುಗಳು ಊರು ಬಿಟ್ಟವೆಂದು ಈಲಿಯನ್ ಬರೆದಿದ್ದಾನೆ. ಆದರೆ ಅವನು ಬರೆದದ್ದು ಐದು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ!

ಇನ್ನು 1975ರ ಫೆಬ್ರವರಿ 4ರ ಚೀನಾದ ಹೈಚೆಂಗ್ ಭೂಕಂಪ. ಕೊರೆಯುವ ಚಳಿಯಲ್ಲೂ ಹಾವುಗಳು ಹೊರಬಂದವೆಂಬ ಸುದ್ದಿ ಪ್ರಸಿದ್ಧವಾಯಿತು. ಜನರನ್ನು ಮನೆಗಳಿಂದ ಹೊರಗೆ ಕಳುಹಿಸಿದ್ದರಿಂದ ಬಹಳಷ್ಟು ಜೀವಗಳು ಉಳಿದದ್ದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಹಿಂದಿನ ದಿನದಿಂದ ಸರಣಿಯಾಗಿ ಆದ ಸಣ್ಣ ಕಂಪನಗಳು. ಮರುವರ್ಷ ಜುಲೈ 28ರಂದು ತಾಂಗ್‌ಶಾನ್ ನಗರ ನಡುರಾತ್ರಿ ದಾಟಿದ ಮೇಲೆ ನೆಲಸಮವಾಯಿತು. ಅಂಥ ಮುನ್ನಡುಕಗಳು ಅಲ್ಲಿ ಆಗಿರಲಿಲ್ಲ. ಅಧಿಕೃತ ಲೆಕ್ಕದಂತೆಯೇ ಸತ್ತವರು ಸುಮಾರು 2 ಲಕ್ಷ 42 ಸಾವಿರ.

ನಾಯಿ ಊಳಿಟ್ಟ ರಾತ್ರಿ ನೆಲ ನಡುಗಿದರೆ ಅದು ನೆನಪಿನಲ್ಲಿ ಉಳಿಯುತ್ತದೆ. ಊಳಿಟ್ಟೂ ಏನೂ ಆಗದ ನೂರು ರಾತ್ರಿಗಳನ್ನು ಯಾರೂ ಬರೆದಿಡುವುದಿಲ್ಲ. 2018ರಲ್ಲಿ ಇಂಥ 700ಕ್ಕೂ ಹೆಚ್ಚು ವರದಿಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ಕಂಡ ಮುಖ್ಯ ಕೊರತೆಯೂ ಇದೇ: ಸಾಮಾನ್ಯ ದಿನಗಳಲ್ಲಿ ಆ ಪ್ರಾಣಿಗಳು ಹೇಗಿದ್ದವು ಎಂಬ ದೀರ್ಘಕಾಲದ ದಾಖಲೆ ಬಹುತೇಕ ಇರಲಿಲ್ಲ.

ಪ್ರಾಣಿಗಳಿಂದ ಕಲಿಯುವುದೇನೂ ಇಲ್ಲವೆಂದಲ್ಲ. ಜಪಾನ್ 2007ರಿಂದ ಸಾರ್ವಜನಿಕರಿಗೆ ನೀಡುತ್ತಿರುವ ಭೂಕಂಪದ ಎಚ್ಚರಿಕೆಯೂ ಮೊದಲ ಅಲೆಯನ್ನು ಹಿಡಿದೇ ಕೆಲಸ ಮಾಡುತ್ತದೆ. ಸಿಗುವುದು ಕೆಲವೇ ಸೆಕೆಂಡು. ಮೇಜಿನಡಿ ತೂರಲು, ರೈಲಿನ ವೇಗ ತಗ್ಗಿಸಲು ಅಷ್ಟಾದರೂ ಉಪಯೋಗಕ್ಕೆ ಬರುತ್ತದೆ. ಆದರೆ ಹಾವು ಹೊರಬಂದಿಲ್ಲ, ನಾಯಿ ಕೂಗಿಲ್ಲ ಎಂದು ಬಿರುಕುಬಿಟ್ಟ ಗೋಡೆಯ ಪಕ್ಕ ನಿಶ್ಚಿಂತೆಯಿಂದ ಮಲಗುವಂತಿಲ್ಲ. ನೆಲ ನಡುಗುವ ಕಡೆ ಜೀವ ಉಳಿಸುವುದು ಗಟ್ಟಿಯಾಗಿ ಕಟ್ಟಿದ ಮನೆ.