ಬಾಯಿಬಿಟ್ಟು ಹೇಳಲಾರದ ಯೋಚನೆಗಳು

ಮಡಿಯುಟ್ಟು ಪೂಜೆಗೆ ಕುಳಿತ ಹಿರಿಯರೊಬ್ಬರಿಗೆ ಸ್ತೋತ್ರದ ನಡುವೆ ಥಟ್ಟನೆ ಒಂದು ಹೊಲಸು ಮಾತು ಮನಸ್ಸಿಗೆ ಬರುತ್ತದೆ. ಈಳಿಗೆಮಣೆಯ ಮುಂದೆ ತರಕಾರಿ ಹೆಚ್ಚುತ್ತಿರುವ ತರುಣಿಯ ದೃಷ್ಟಿ ಪಕ್ಕದಲ್ಲಿ ಮಲಗಿರುವ ಹಸುಗೂಸಿನ ಮೇಲೆ ಬಿದ್ದೊಡನೆ, ಯಾರೂ ಊಹಿಸಲಾರದಂಥ ಭಯಂಕರ ಚಿತ್ರವೊಂದು ಆಕೆಯ ಕಣ್ಣ ಮುಂದೆ ಮಿಂಚಿ ಮರೆಯಾಗುತ್ತದೆ. ರೈಲಿಗಾಗಿ ಕಾಯುತ್ತ ನಿಂತಿರುವ ಸಾಧುಸ್ವಭಾವದ ಗುಮಾಸ್ತರಿಗೆ, ಎದುರಿಗಿರುವ ಅಪರಿಚಿತನನ್ನು ಹಳಿಯ ಮೇಲೆ ತಳ್ಳಿಬಿಟ್ಟರೆ ಏನಾದೀತು ಎಂಬ ಯೋಚನೆ ಸುಳಿಯುತ್ತದೆ. ಮೂವರೂ ಬೆಚ್ಚಿಬೀಳುತ್ತಾರೆ. ಹಿರಿಯರು ಕೆನ್ನೆ ತಟ್ಟಿಕೊಂಡು ಸ್ತೋತ್ರವನ್ನು ಮೊದಲಿನಿಂದ ಆರಂಭಿಸುತ್ತಾರೆ. ತಾಯಿ ಈಳಿಗೆಮಣೆಯನ್ನು ದೂರ ಸರಿಸುತ್ತಾಳೆ. ಗುಮಾಸ್ತರು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಾರೆ. ಮೂವರ ಮನಸ್ಸಿನಲ್ಲಿಯೂ ಏಳುವ ಪ್ರಶ್ನೆ ಒಂದೇ: “ನಾನು ಎಂಥ ಪಾಪಿ! ಇಂಥ ಯೋಚನೆ ಇನ್ನಾರಿಗಾದರೂ ಬಂದೀತೆ?”

ಈ ಪ್ರಶ್ನೆಯನ್ನು ಅವರು ಯಾರ ಬಳಿಯೂ ಕೇಳುವುದಿಲ್ಲ. ನೆರೆಮನೆಯವರ ಜಗಳ, ಮದುವೆಯ ಸಾಲ, ಮೇಲಧಿಕಾರಿಯ ಸಿಡುಕು ಇವನ್ನೆಲ್ಲ ತೋಡಿಕೊಳ್ಳಲು ಆಪ್ತರಿರುತ್ತಾರೆ. ಆದರೆ ಇದನ್ನು ತೋಡಿಕೊಳ್ಳುವುದೆಂತು? ಕೇಳಿದವರು ಏನೆಂದುಕೊಂಡಾರು? ಅದೇ ಮನೆಯಲ್ಲಿ, ಅದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತ ಇನ್ನೊಬ್ಬರು ಇಂಥದೇ ಯೋಚನೆಯನ್ನು ಅಷ್ಟೇ ಗುಟ್ಟಾಗಿ ಅಡಗಿಸಿಕೊಂಡಿರಬಹುದು ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಹಳೆಯ ಕಾಟ

ಈ ಕಾಟ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಪ್ರಸಿದ್ಧ ಧರ್ಮಬೋಧಕ ಜಾನ್ ಬನಿಯನ್, 1666ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ, ದೇವನಿಂದೆಯ ಯೋಚನೆಗಳು ತನ್ನನ್ನು ಎಡೆಬಿಡದೆ ಪೀಡಿಸಿದ ಬಗೆಯನ್ನು ವಿವರಿಸಿದ್ದಾನೆ. ಆ ಮಾತುಗಳು ಎಲ್ಲಿ ಹೊರಬಿದ್ದಾವೋ ಎಂಬ ಹೆದರಿಕೆಯಿಂದ, ಗಲ್ಲದಡಿಗೆ ಕೈಯೊತ್ತಿ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಳ್ಳುವಂಥ ಸ್ಥಿತಿ ಅವನಿಗೆ ಒದಗಿತ್ತಂತೆ. ಮುಂದೆ 1845ರಲ್ಲಿ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ, ಮಾಡಬಾರದೆಂದು ಗೊತ್ತಿರುವುದನ್ನೇ ಮಾಡೆಂದು ಪಿಸುಗುಟ್ಟುವ ಮನಸ್ಸಿನೊಳಗಿನ ಕಿರುಪಿಶಾಚಿಯ ಬಗ್ಗೆ ಒಂದು ಕಥೆಯನ್ನೇ ಬರೆದ.

ಆದರೆ ಇಂಥ ಯೋಚನೆ ಎಷ್ಟು ಮಂದಿಗೆ ಬರುತ್ತದೆಂದು ಎಣಿಸಿ ನೋಡುವ ಕೆಲಸ ನಡೆದದ್ದು ಬಹುಕಾಲದ ನಂತರ. 1978ರಲ್ಲಿ ಸ್ಟ್ಯಾನ್ಲಿ ರಾಖ್‌ಮನ್ ಹಾಗೂ ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವಾ ಎಂಬ ಇಬ್ಬರು ಮನೋವಿಜ್ಞಾನಿಗಳು, ಯಾವ ಮಾನಸಿಕ ರೋಗಕ್ಕೂ ಚಿಕಿತ್ಸೆ ಪಡೆಯದ ಸಾಮಾನ್ಯ ಜನರನ್ನು ವಿಚಾರಿಸಿದರು. ಬೇಡವೆಂದರೂ ನುಗ್ಗಿಬರುವ ಅಸಹ್ಯ ಅಥವಾ ಭೀಕರ ಯೋಚನೆಗಳು ತಮಗೂ ಉಂಟೆಂದು ನೂರಕ್ಕೆ ಸುಮಾರು 80 ಮಂದಿ ಒಪ್ಪಿಕೊಂಡರು. ಇನ್ನೂ ಸೋಜಿಗದ ಸಂಗತಿಯೊಂದಿದೆ. ಚಿಕಿತ್ಸೆಗೆ ಬಂದಿದ್ದ ರೋಗಿಗಳ ಯೋಚನೆಗಳನ್ನೂ ಈ ಆರೋಗ್ಯವಂತರ ಯೋಚನೆಗಳನ್ನೂ ಬೆರೆಸಿ ಪರಿಣತರ ಮುಂದಿಟ್ಟಾಗ, ಯಾವುದು ಯಾರದೆಂದು ಬೇರ್ಪಡಿಸುವುದು ಅವರಿಗೂ ಸುಲಭವಾಗಲಿಲ್ಲ. ಯೋಚನೆಯ ವಿಷಯದಲ್ಲಿ ಅಂಥ ಭೇದವೇನೂ ಇರಲಿಲ್ಲ. ಅದು ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಸಂಕಟ ಕೊಡುತ್ತದೆ ಎಂಬುದರಲ್ಲಿಯೇ ಭೇದವಿತ್ತು.

ಮುಂದೆ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ 13 ದೇಶಗಳ 777 ವಿದ್ಯಾರ್ಥಿಗಳನ್ನು ಪ್ರಶ್ನಿಸಲಾಯಿತು. ಅವರಲ್ಲಿ ನೂರಕ್ಕೆ ಸುಮಾರು 94 ಮಂದಿಗೆ ಹಿಂದಿನ ಮೂರು ತಿಂಗಳಲ್ಲಿ ಒಮ್ಮೆಯಾದರೂ ಅಂಥ ಯೋಚನೆ ಬಂದಿತ್ತು. ದೇಶ ಬೇರೆ, ಭಾಷೆ ಬೇರೆ, ದೇವರು ಬೇರೆ. ಬೇಡದ ಯೋಚನೆ ಮಾತ್ರ ಎಲ್ಲರ ಮನೆಯ ಕದವನ್ನೂ ತಟ್ಟುತ್ತದೆ.

ಪ್ರಿಯವಾದುದರ ಮೇಲೆಯೇ ಪೆಟ್ಟು

ಗಮನಿಸಬೇಕಾದ ಮತ್ತೊಂದು ಅಂಶವುಂಟು. ದೇವನಿಂದೆಯ ಯೋಚನೆ ಹೆಚ್ಚಾಗಿ ಕಾಡುವುದು ದೈವಭಕ್ತರನ್ನು. ಮಗುವಿಗೆ ಕೇಡಾಗುವ ಚಿತ್ರ ಹಿಂಸಿಸುವುದು ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ತಾಯಿಯನ್ನು. ಕಳ್ಳನಿಗೆ ಕಳ್ಳತನದ ಯೋಚನೆ ಬಂದರೆ ಅವನೇನೂ ಬೆವರುವುದಿಲ್ಲ. ಯಾವುದು ಮನುಷ್ಯನಿಗೆ ಅತ್ಯಂತ ಪ್ರಿಯವೋ ಪವಿತ್ರವೋ ಅದಕ್ಕೆ ವಿರುದ್ಧವಾದ ಯೋಚನೆಯೇ ಅವನನ್ನು ನಡುಗಿಸಬಲ್ಲದು. ಆದ್ದರಿಂದ ಆ ನಡುಕ ದುಷ್ಟತನದ ಗುರುತಲ್ಲ. ಮನುಷ್ಯ ಯಾವುದನ್ನು ಬೆಲೆಯುಳ್ಳದ್ದೆಂದು ನಂಬಿದ್ದಾನೆ ಎಂಬುದಕ್ಕೆ ಅದು ಸಾಕ್ಷಿ.

ಎತ್ತರದ ಸೇತುವೆಯ ಮೇಲೋ ಮಹಡಿಯ ಅಂಚಿನಲ್ಲೋ ನಿಂತವರಿಗೆ ಕೆಳಗೆ ಹಾರಿಬಿಡುವೆನೇನೋ ಎನ್ನಿಸುವುದೂ ಇದೇ ಜಾತಿಯದು. 2012ರಲ್ಲಿ ಅಮೆರಿಕದ ಫ್ಲಾರಿಡಾದ ಸಂಶೋಧಕರು ವಿದ್ಯಾರ್ಥಿಗಳನ್ನು ಈ ವಿಷಯವಾಗಿ ವಿಚಾರಿಸಿದಾಗ, ಪ್ರಾಣ ಕಳೆದುಕೊಳ್ಳುವ ಆಲೋಚನೆಯನ್ನೇ ಎಂದೂ ಮಾಡದವರಲ್ಲಿಯೂ ಸುಮಾರು ಅರ್ಧದಷ್ಟು ಮಂದಿ ಅಂಥ ಕ್ಷಣವನ್ನು ಕಂಡಿದ್ದರು. ಸಂಶೋಧಕರ ಊಹೆ ಹೀಗಿದೆ: ಅಪಾಯವನ್ನು ಕಂಡೊಡನೆ ದೇಹ ಮಿಂಚಿನ ವೇಗದಲ್ಲಿ ಹಿಂದೆ ಸರಿಯುತ್ತದೆ, ಏಕೆ ಸರಿದೆನೆಂದು ಬುದ್ಧಿ ಆಮೇಲೆ ಕಾರಣ ಹುಡುಕುತ್ತದೆ, ಹಾರಬೇಕೆನಿಸಿತ್ತೇನೋ ಎಂದು ತಪ್ಪಾಗಿ ತಿಳಿಯುತ್ತದೆ. ಬದುಕುವ ಆಸೆಯೇ ಹೀಗೆ ಸಾಯುವ ಆಸೆಯಂತೆ ತೋರುತ್ತದೆ. ಬದುಕೇ ಬೇಡವೆನಿಸಿ ಆ ಭಾವ ಉಳಿದುಬಿಟ್ಟರೆ ಅದು ಬೇರೆಯೇ ಮಾತು. ಅದನ್ನು ಆಪ್ತರಿಗೂ ವೈದ್ಯರಿಗೂ ತಡಮಾಡದೆ ತಿಳಿಸಬೇಕು.

ಔಷಧಿ ಮತ್ತು ಮಂಗ

ಬಂದ ಯೋಚನೆ ಬಂದಂತೆಯೇ ಹೋಗದೆ ಮನೆಮಾಡಿಕೊಳ್ಳುವುದು ಏತಕ್ಕೆ? ಔಷಧಿ ಕುಡಿಯುವಾಗ ಮಂಗನನ್ನು ಮಾತ್ರ ನೆನೆಯಬೇಡವೆಂದು ಹೇಳಿ ಕಳುಹಿಸಿದ ವೈದ್ಯನ ಕಥೆ ಕನ್ನಡಿಗರಿಗೆ ಹೊಸದಲ್ಲ. ಅದುವರೆಗೆ ಮಂಗನ ಗೊಡವೆಯೇ ಇಲ್ಲದಿದ್ದ ರೋಗಿಗೆ, ಬಟ್ಟಲನ್ನು ತುಟಿಗಿಟ್ಟಾಗಲೆಲ್ಲ ಮಂಗನೇ ಪ್ರತ್ಯಕ್ಷ!

1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನೋವಿಜ್ಞಾನಿ ತನ್ನ ಸಂಗಡಿಗರೊಡನೆ ಪ್ರಕಟಿಸಿದ ಪ್ರಯೋಗ ಈ ಕಥೆಯನ್ನೇ ಹೋಲುತ್ತದೆ. ಮಂಗನ ಸ್ಥಾನದಲ್ಲಿ ಬಿಳಿಯ ಕರಡಿ ಇತ್ತು, ಅಷ್ಟೇ. ಬಿಳಿಯ ಕರಡಿಯನ್ನು ನೆನೆಯಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿ, ನೆನಪಾದಾಗಲೆಲ್ಲ ಗಂಟೆ ಬಾರಿಸುವಂತೆ ಸೂಚಿಸಲಾಯಿತು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅನಂತರ ಕರಡಿಯನ್ನು ಧಾರಾಳವಾಗಿ ನೆನೆಯಬಹುದೆಂದಾಗ, ಮೊದಲಿನಿಂದಲೇ ಅನುಮತಿ ಪಡೆದಿದ್ದವರಿಗಿಂತ ಹೆಚ್ಚು ಸಲ ಇವರಿಗೆ ಅದು ನೆನಪಾಯಿತು. ಒಂದು ಯೋಚನೆ ಬಾರದಂತೆ ಕಾವಲಿರಬೇಕಾದರೆ, ಬಂತೇ ಬಂತೇ ಎಂದು ಮನಸ್ಸು ಆಗಾಗ ಬಾಗಿಲು ತೆರೆದು ನೋಡಲೇಬೇಕು. ಹಾಗೆ ತೆರೆದ ಬಾಗಿಲಿನಿಂದಲೇ ಅದು ಒಳನುಗ್ಗುತ್ತದೆ.

“ಬಿಡ್ತು ಅನ್ನು!”

ಕನ್ನಡ ನಾಡಿನ ಮನೆಗಳಲ್ಲಿ ಮಕ್ಕಳು ಅಶುಭದ ಮಾತಾಡಿದರೆ ಹಿರಿಯರು ಒಡನೆಯೇ “ಬಿಡ್ತು ಅನ್ನು” ಎನ್ನುತ್ತಾರೆ. ಮೇಲೆ ಸಂಚರಿಸುವ ದೇವತೆಗಳು ಆ ಮಾತಿಗೆ “ಅಸ್ತು” ಎಂದುಬಿಟ್ಟರೆ ಅದು ನಿಜವಾದೀತು ಎಂಬ ಅಂಜಿಕೆ ಅದರ ಹಿಂದಿದೆ. ಒಳ್ಳೆಯ ಮಾತನ್ನೇ ಆಡಬೇಕೆಂದು ಕಲಿಸುವ ಮಟ್ಟಿಗೆ ಈ ವಾಡಿಕೆಯಿಂದ ಕೇಡೇನೂ ಇಲ್ಲ. ಆದರೆ ಯೋಚಿಸಿದುದೆಲ್ಲ ನಡೆದುಬಿಡುತ್ತದೆ, ಯೋಚಿಸಿದರೆ ಮಾಡಿದಷ್ಟೇ ಪಾಪ ಎಂಬ ನಂಬಿಕೆ ಬಲವಾಗಿ ಬೇರೂರಿದಾಗ, ಸುಳಿದು ಹೋಗಬೇಕಾಗಿದ್ದ ಯೋಚನೆ ಘೋರ ಅಪರಾಧವಾಗಿ ಕಾಣತೊಡಗುತ್ತದೆ. ಯೋಚನೆ ಮತ್ತು ಕೃತ್ಯಗಳ ನಡುವಿನ ಗೆರೆ ಹೀಗೆ ಅಳಿಸಿಹೋಗುವುದನ್ನು ರಾಖ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಬಹಳವಾಗಿ ಪರಿಶೀಲಿಸಿದರು.

1996ರ ಅವರ ಒಂದು ಪ್ರಯೋಗ ಹೀಗಿತ್ತು. ಇಂಥ ನಂಬಿಕೆ ಬಲವಾಗಿದ್ದ ಕೆಲವರಿಗೆ, ತಮ್ಮ ಆಪ್ತರೊಬ್ಬರ ಹೆಸರು ಹಾಕಿ, ಅವರಿಗೆ ವಾಹನ ಅಪಘಾತವಾಗಲಿ ಎಂಬರ್ಥದ ವಾಕ್ಯವನ್ನು ಬರೆಯಲು ಹೇಳಲಾಯಿತು. ಬರೆದವರ ಎದೆ ಡವಗುಟ್ಟಿತು. ಅವರಲ್ಲಿ ಕೆಲವರಿಗೆ ಒಡನೆಯೇ ತಮಗೆ ತೋಚಿದ ಪರಿಹಾರ ಮಾಡಿಕೊಳ್ಳಲು ಅವಕಾಶವಿತ್ತು. ಉಳಿದವರು ಸುಮ್ಮನೆ ಕಾಯಬೇಕಾಗಿತ್ತು. ಪರಿಹಾರ ಮಾಡಿಕೊಂಡವರ ಕಳವಳ ಬೇಗ ಇಳಿಯಿತು, ನಿಜ. ಆದರೆ ಏನೂ ಮಾಡದೆ ಕಾದವರ ಕಳವಳವೂ ಸ್ವಲ್ಪ ಹೊತ್ತಿನಲ್ಲಿಯೇ ತಾನಾಗಿ ಇಳಿದುಹೋಯಿತು! “ಬಿಡ್ತು” ಎನ್ನದಿದ್ದರೂ ಯೋಚನೆ ಬಿಟ್ಟುಹೋಗುತ್ತದೆ ಎಂಬುದನ್ನು ಅವರು ಅನುಭವದಿಂದ ಕಂಡರು.

ಗೀಳು ಆಗುವುದು ಯಾವಾಗ?

ಪರಿಹಾರಗಳ ದಾರಿ ಹಿಡಿದವರಿಗೆ ಈ ಅನುಭವ ದೊರೆಯುವುದೇ ಇಲ್ಲ. ಒಂದು ಸಲ ಕೈತೊಳೆದರೆ ಸಾಲದೆನಿಸಿ ಇಪ್ಪತ್ತು ಸಲ ತೊಳೆಯುತ್ತಾರೆ. ಸ್ತೋತ್ರ ತಪ್ಪಿತೆಂದು ಮತ್ತೆ ಮತ್ತೆ ಆರಂಭಿಸಿ ಪೂಜೆ ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಚಾಕು ಕತ್ತರಿಗಳನ್ನೆಲ್ಲ ಬಚ್ಚಿಡುತ್ತಾರೆ. “ನಾನು ಹಾಗೆ ಮಾಡಲಿಲ್ಲ ತಾನೆ?” ಎಂದು ಮನೆಯವರನ್ನು ದಿನಕ್ಕೆ ಹತ್ತಾರು ಬಾರಿ ಕೇಳುತ್ತಾರೆ. ಇಂಥ ಯೋಚನೆ ಮತ್ತು ಪರಿಹಾರಗಳಲ್ಲಿಯೇ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಕಾಲ ಕಳೆದು, ಸಂಸಾರಕ್ಕೂ ಉದ್ಯೋಗಕ್ಕೂ ಅಡ್ಡಿಯಾದಾಗ ವೈದ್ಯರು ಅದನ್ನು ಗೀಳು ರೋಗವೆಂದು ಗುರುತಿಸುತ್ತಾರೆ. ಜೀವಮಾನದಲ್ಲಿ ನೂರು ಮಂದಿಯಲ್ಲಿ ಸುಮಾರು ಇಬ್ಬರಿಗೆ ಅದು ತಗಲುತ್ತದೆ.

ಇದಕ್ಕೆ ಚಿಕಿತ್ಸೆ ಉಂಟು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ, ಹೆದರಿಕೆ ಹುಟ್ಟಿಸುವ ಸನ್ನಿವೇಶವನ್ನು ರೋಗಿಗಳು ಎದುರಿಸುವಂತೆಯೂ ಆಮೇಲೆ ಪರಿಹಾರದ ಆಚರಣೆಗೆ ತೊಡಗದಂತೆಯೂ ಅಭ್ಯಾಸ ಮಾಡಿಸಿ ಗುಣ ಕಂಡ. ಅಲ್ಲಿಯವರೆಗೆ ಬಹುಮಟ್ಟಿಗೆ ಅಸಾಧ್ಯವೆನಿಸಿದ್ದ ಈ ರೋಗಕ್ಕೆ ದಾರಿ ತೆರೆಯಿತು. ಇಂದಿಗೂ ಆ ಅಭ್ಯಾಸವೂ ಕೆಲವು ಔಷಧಿಗಳೂ ಚಿಕಿತ್ಸೆಯ ಮುಖ್ಯ ಆಧಾರಗಳಾಗಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಬಾಣಂತಿಯ ಮೌನ

ಈ ಮೌನದ ಭಾರ ಎಲ್ಲರಿಗಿಂತ ಹೆಚ್ಚಾಗಿ ಬೀಳುವುದು ಬಾಣಂತಿಯರ ಮೇಲೆ. ಕೆನಡಾದಲ್ಲಿ ನಿಕೋಲ್ ಫೇರ್‌ಬ್ರದರ್ ಮತ್ತು ಶೀಲಾ ವುಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗುವಿಗೆ ಆಕಸ್ಮಿಕವಾಗಿ ಏನಾದರೂ ಆದೀತೆಂಬ ಯೋಚನೆ ಹೊಸ ತಾಯಂದಿರೆಲ್ಲರಿಗೂ ಬಂದಿತ್ತು. ತಾನೇ ಕೈಯಾರೆ ಕೇಡು ಮಾಡಿಬಿಡುವೆನೇನೋ ಎಂಬ ಬೇಡದ ಯೋಚನೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬಂದಿತ್ತು. ಅಂಥ ಯೋಚನೆ ಬಂದ ತಾಯಂದಿರು ಉಳಿದವರಿಗಿಂತ ಹೆಚ್ಚಾಗಿ ಮಗುವನ್ನು ಹಿಂಸಿಸುತ್ತಾರೆಂಬುದಕ್ಕೆ ಆಧಾರವಿಲ್ಲವೆಂದು 2022ರಲ್ಲಿ ಅವರ ತಂಡದ ಮತ್ತೊಂದು ಅಧ್ಯಯನ ತಿಳಿಸಿತು.

ಇದನ್ನರಿಯದ ಬಾಣಂತಿ ಮಗುವನ್ನು ಎರೆಯಲು ಹಿಂಜರಿಯುತ್ತಾಳೆ. ಒಬ್ಬಳೇ ಅದರೊಡನೆ ಇರಲು ಅಂಜುತ್ತಾಳೆ. ಎಂದೋ ಒಂದು ದಿನ ಧೈರ್ಯಮಾಡಿ, “ಅಮ್ಮಾ, ಮಗುವಿನ ಹತ್ತಿರ ಹೋಗೋದಕ್ಕೆ ಭಯವಾಗುತ್ತೆ. ಏನೇನೋ ಕೆಟ್ಟ ಯೋಚನೆ ಬರುತ್ತೆ” ಎನ್ನುತ್ತಾಳೆ. “ಛೀ, ಬಿಡ್ತು ಅನ್ನು! ಹೆತ್ತ ತಾಯಿ ಆಡೋ ಮಾತೇನೇ ಇದು?” ಎಂಬ ಉತ್ತರ ಬಂದರೆ, ಆಕೆ ಮತ್ತೆಂದೂ ಬಾಯಿ ತೆರೆಯುವುದಿಲ್ಲ. ಅದರ ಬದಲು “ಏನು ಯೋಚನೆ, ಹೇಳು ಮಗಳೇ. ಅದು ಬಂದರೆ ನಿನಗೆ ಹೇಗಾಗುತ್ತೆ?” ಎಂದು ಕೇಳಿದರೆ, ಅರ್ಧ ಭಾರ ಅಲ್ಲಿಯೇ ಇಳಿದೀತು.

ಎಚ್ಚರ ವಹಿಸಬೇಕಾದ ಸಂದರ್ಭವೂ ಉಂಟು. ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ, ಹೆರಿಗೆಯಾದ ಮೊದಲ ವಾರಗಳಲ್ಲಿ ತಾಯಿಗೆ ತೀವ್ರವಾದ ಚಿತ್ತವಿಕಾರ ಉಂಟಾಗುತ್ತದೆ. ನಿದ್ರೆ ಕೆಡುತ್ತದೆ, ಇಲ್ಲದ ದನಿಗಳು ಕೇಳಿಸುತ್ತವೆ, ಮಗುವಿನ ವಿಷಯವಾಗಿ ವಿಪರೀತ ನಂಬಿಕೆಗಳು ಹುಟ್ಟುತ್ತವೆ. ಗೀಳಿನ ತಾಯಿ ತನ್ನ ಯೋಚನೆಯನ್ನು ಕಂಡು ತಾನೇ ಹೇಸುತ್ತಾಳೆ. ಚಿತ್ತವಿಕಾರಕ್ಕೊಳಗಾದ ತಾಯಿಗೆ ಅದು ಸರಿಯೆಂದೇ ತೋರಬಹುದು. ಎರಡನೆಯ ಸ್ಥಿತಿಯಲ್ಲಿ ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ತಾಯಿ ಮಗುವನ್ನು ಅಗಲಿಸದೆ ಜೊತೆಯಾಗಿಯೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಲ್ಲಿಯೇ ಆರಂಭವಾಯಿತು. ಮನೆಯಲ್ಲಿ ಹೇಳಿಕೊಳ್ಳಲು ಸಂಕೋಚವಾದವರಿಗೆ, 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮನಸ್ ದೂರವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.

ಹಾದಿಯಲ್ಲಿ ಹೋಗುವವರು ಯಾರೆಂದು ನಿರ್ಧರಿಸುವ ಅಧಿಕಾರ ಮನೆಯ ಯಜಮಾನನಿಗಿಲ್ಲ. ಜಗಲಿಯಲ್ಲಿ ಕುಳಿತು, ಹೋಗುವವರನ್ನು ನೋಡುತ್ತಿದ್ದರೆ ಅವರ ಪಾಡಿಗೆ ಅವರು ಸಾಗುತ್ತಾರೆ. ಎದ್ದು ಹೋಗಿ ಜಗಳಕ್ಕೆ ನಿಂತರೆ ಅವರೂ ನಿಲ್ಲುತ್ತಾರೆ. ಯೋಚನೆಗಳ ಸ್ವಭಾವವೂ ಇದೇ. ಅವು ಬರುವುದು ಯಾರ ತಪ್ಪೂ ಅಲ್ಲ. ಮನುಷ್ಯನ ಯೋಗ್ಯತೆಯನ್ನು ಅಳೆಯಬೇಕಾದುದು ಅವನ ನಡತೆಯಿಂದ. ಕಂದನನ್ನು ಕಂಡು ಬೆಚ್ಚಿ ಈಳಿಗೆಮಣೆ ಸರಿಸಿದ ಆ ತಾಯಿಯ ನಡತೆಯಲ್ಲಿ ಪ್ರೀತಿಯಲ್ಲದೆ ಬೇರೇನಿದೆ?