ಜಂತುಹುಳುಗಳನ್ನು ಬೇಟೆಯಾಡುವ ಶಿಲೀಂಧ್ರಗಳು

ಕೊಳೆತ ಎಲೆ, ಮರದ ತೊಗಟೆಗಳಲ್ಲಿ ಇಂಗಾಲ ಬೇಕಾದಷ್ಟಿದ್ದರೂ ಸಾರಜನಕ ಕಡಿಮೆ. ಈ ಕೊರತೆ ನೀಗಿಕೊಳ್ಳಲು ಕೆಲವು ಶಿಲೀಂಧ್ರಗಳು ಮಣ್ಣಿನಲ್ಲಿರುವ ಜಂತುಹುಳುಗಳನ್ನು ಕೊಂದು ತಿನ್ನುತ್ತವೆ. ದುಂಡುಮೈಯ ಈ ಹುಳುಗಳಲ್ಲಿ ಹೆಚ್ಚಿನವು ಬರಿಗಣ್ಣಿಗೆ ಕಾಣುವುದಿಲ್ಲ.

ಆರ್ಥ್ರೊಬೋಟ್ರಿಸ್ ಆಲಿಗೊಸ್ಪೋರ ಎಂಬ ಶಿಲೀಂಧ್ರ ಹುಳುಗಳನ್ನು ಹಿಡಿಯುವುದನ್ನು ಜರ್ಮನಿಯ ವಿಲ್ಹೆಲ್ಮ್ ತ್ಸೋಪ್ 1888ರಲ್ಲಿ ವಿವರಿಸಿದರು. ಹುಳುಗಳಿಲ್ಲದಾಗ ಅದು ಕೊಳೆತದ್ದನ್ನು ತಿಂದುಕೊಂಡು ಬೆಳೆಯುತ್ತದೆ. ಹುಳುಗಳು ಪರಸ್ಪರ ಸುಳಿವು ಕೊಡಲು ಸ್ರವಿಸುವ ಆಸ್ಕರೊಸೈಡ್ ಎಂಬ ರಾಸಾಯನಿಕಗಳು ತಗುಲಿದೊಡನೆ ಅದರ ಎಳೆಗಳು ಬಾಗಿ, ಒಂದಕ್ಕೊಂದು ಬೆಸೆದು, ಅಂಟುಬಲೆಯಾಗುತ್ತವೆ. ಹುಳುವಿನ ಮಾತೇ ಹುಳುವಿಗೆ ಮುಳುವಾಗುತ್ತದೆ. ಸಿಕ್ಕಿಬಿದ್ದ ಹುಳು ಒದ್ದಾಡಿದಷ್ಟೂ ಬಲೆಗೆ ಹೆಚ್ಚು ಅಂಟಿಕೊಳ್ಳುತ್ತದೆ. ಎಳೆಯೊಂದು ಅದರ ಚರ್ಮ ಕೊರೆದು ಒಳಹೊಕ್ಕು, ಮೈಯನ್ನೆಲ್ಲ ಜೀರ್ಣಿಸಿಕೊಳ್ಳುತ್ತದೆ.

ಡ್ರೆಕ್ಸ್‌ಲೆರೆಲ್ಲ ಕುಲದ ವಿಧಾನ ಇದಕ್ಕಿಂತ ಅಚ್ಚರಿಯದು. ಇದರ ಎಳೆಗಳ ಮೇಲೆ ಮೂರೇ ಜೀವಕೋಶಗಳ ಪುಟ್ಟ ಕುಣಿಕೆಗಳಿರುತ್ತವೆ. ಹುಳು ತಲೆ ತೂರಿಸಿ ಒಳಮೈಗೆ ಉಜ್ಜಿದರೆ ಸಾಕು, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮೂರೂ ಕೋಶಗಳು ನೀರು ಹೀರಿ ಉಬ್ಬಿ ಅದನ್ನು ಬಿಗಿಯುತ್ತವೆ.

ಬಲೆ ಹೆಣೆಯದೆ ಬೀಜಕಗಳಿಂದಲೇ ಕೊಲ್ಲುವವೂ ಇವೆ. ಡ್ರೆಕ್ಮೇರಿಯದ ಅಂಟುಬೀಜಕಗಳು ಹುಳುವಿನ ಬಾಯಿಯ ಸುತ್ತ ಹತ್ತಿಕೊಳ್ಳುತ್ತವೆ. ಹಾರ್ಪೊಸ್ಪೋರಿಯಂನ ಬಾಗಿದ ಬೀಜಕಗಳು, ಹುಳು ನುಂಗಿದ ಮೇಲೆ, ಅದರೊಳಗೇ ಸಿಲುಕಿ ಮೊಳೆಯುತ್ತವೆ. ಊಟಕ್ಕೆ ಬಳಸುವ ಆಯ್‌ಸ್ಟರ್ ಅಣಬೆಯೂ ಬೇಟೆಗಾರನೇ: ಅದರ ಎಳೆಗಳನ್ನು ತಾಕಿದ ಹುಳು ಕೆಲವೇ ನಿಮಿಷಗಳಲ್ಲಿ ನಿಶ್ಚೇಷ್ಟವಾಗುತ್ತದೆ.

ರೈತರಿಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಹುಳುಗಳ ಮೊಟ್ಟೆಗಳನ್ನೇ ನಾಶಮಾಡುವ ಪೊಕೋನಿಯ ಕ್ಲಮಿಡೊಸ್ಪೋರಿಯ ಮತ್ತು ಪರ್ಪ್ಯುರಿಯೊಸಿಲಿಯಂ ಲಿಲಸಿನಂ. ಟೊಮೆಟೊ, ಬದನೆ, ದಾಳಿಂಬೆಗಳನ್ನು ಕಾಡುವ ಬೇರುಗಂಟು ಜಂತುಹುಳು ನೂರಾರು ಮೊಟ್ಟೆಗಳನ್ನು ಲೋಳೆಯ ಮುದ್ದೆಯಲ್ಲಿ ಒಂದೇ ಕಡೆ ಇಡುತ್ತದೆ. ಅಲ್ಲಾಡದ ಈ ಮೊಟ್ಟೆಗಳ ಸಿಪ್ಪೆ ಕರಗಿಸಿ ಶಿಲೀಂಧ್ರ ಒಳನುಗ್ಗುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವೆರಡರ ಜೈವಿಕ ತಯಾರಿಕೆಗಳನ್ನು ಅಭಿವೃದ್ಧಿಪಡಿಸಿದೆ. ಅವನ್ನು ಬೇವಿನ ಹಿಂಡಿ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು, ಶಿಲೀಂಧ್ರ ಹಬ್ಬಿದ ಬಳಿಕ ಮಣ್ಣಿಗೆ ಸೇರಿಸುವುದು ವಾಡಿಕೆ. ರಾಸಾಯನಿಕದ ವೇಗ ಇವಕ್ಕಿಲ್ಲ. ಬೇರುಗಳು ಗಂಟುಕಟ್ಟಿದ ಮೇಲೆ ಹಾಕಿದರೆ ಆ ಬೆಳೆಗೆ ಹೆಚ್ಚಿನ ಪ್ರಯೋಜನವಾಗದು. ಸಸಿಮಡಿಯಲ್ಲೇ ಶುರುಮಾಡುವುದು ಒಳ್ಳೆಯದು.